ಚಾ ಹೊಯ್ಯುವ ಕೈ

ನನ್ನ ಬಲಗೈ ತಾನಾಗಿಯೇ ಮೇಲೆ ಹೋಯಿತು.

ಯಾರೂ ಹೇಳಿಕೊಟ್ಟಿರಲಿಲ್ಲ. ಗೋವಾದ ವಾಸ್ಕೋದ ಒಂದು ಶಾಲೆಯ ಕೋಣೆ, ಭಾನುವಾರ ಮಧ್ಯಾಹ್ನ. ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಮಾಡಿಕೊಂಡಿದ್ದೆವು. ನಾವು ಒಂಬತ್ತು ಜನ, ಎಲ್ಲರೂ ಕನ್ನಡದವರು. ಝುವಾರಿನಗರದಿಂದ ಬಂದ ಬಾಗಲಕೋಟೆ, ಕೊಪ್ಪಳ ಕಡೆಯವರು ನಾಲ್ಕು ಜನ. ಬಂದರಿನಲ್ಲಿ ಕೆಲಸ ಮಾಡುವವರು ಒಬ್ಬರು. ಒಬ್ಬ ನರ್ಸ್ ಅಕ್ಕ. ನಾಟಕ ಆಡಿಸುವ ಮೇಷ್ಟ್ರು. ಹಳಿಯಾಳ ಕಡೆಯ ಒಬ್ಬಳು ಸಿದ್ದಿ ಹುಡುಗಿ, ಹಿಂದೆ ಆಫ್ರಿಕಾದಿಂದ ಬಂದವರ ವಂಶದವಳು. ಮತ್ತೆ ನಾನು.

ಮೇಷ್ಟ್ರು ಹೇಳಿದ್ದು ಇಷ್ಟೇ: “ನಿಮ್ಮ ಮನೆಯಲ್ಲಿ ಕೆಲಸದವರಿಗೆ ಚಾ ಹೇಗೆ ಕೊಡ್ತಿದ್ರು, ಮಾಡಿ ತೋರಿಸಿ. ಮಾತು ಬೇಡ.”

ಕಿಟ್ಲಿ ಇರಲಿಲ್ಲ. ಖಾಲಿ ನೀರಿನ ಬಾಟಲಿ ಹಿಡಿದುಕೊಂಡೆ. ಎದುರಿಗೆ ನರ್ಸ್ ಅಕ್ಕ ಕುಕ್ಕರುಗಾಲಲ್ಲಿ ಕೂತು ಕೈ ಒಡ್ಡಿದರು. ಅಷ್ಟು ಕೆಳಗೆ ಕೂತವರಿಗೆ ಕೊಡಲು ಬಗ್ಗಬೇಕಲ್ವಾ? ನಾನು ಬಗ್ಗಲಿಲ್ಲ. ಬಲಗೈ ಮೇಲೆ ಹೋಯಿತು. ಎಡಗೈ ಸೀರೆಯ ನೆರಿಗೆಯನ್ನು ಒಳಗೆ ಎಳೆದುಕೊಂಡಿತು. ನಾನು ಹಾಕಿದ್ದು ಚೂಡಿದಾರ. ಇಲ್ಲದ ನೆರಿಗೆಯನ್ನು ಎಳೆದುಕೊಂಡಿದ್ದೆ.

ಅದು ನನ್ನ ಅಮ್ಮಮ್ಮನ ಕೈ.

ಬಾಟಲಿ ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಅಳು ಬರಲಿಲ್ಲ, ಹೆದರಿಕೆಯಾಯಿತು. ಅಮ್ಮಮ್ಮ ತೀರಿಕೊಂಡು 22 ವರ್ಷವಾಯಿತು. ಅವಳ ಅಪ್ಪೆಹುಳಿಯ ರುಚಿ ನನ್ನ ಕೈಗೆ ಬರಲಿಲ್ಲ. ಅವಳ ಹಾಗೆ ರಂಗೋಲಿ ಎಳೆಯಲು ಬರಲಿಲ್ಲ. ಇದು ಮಾತ್ರ ಬಂದಿದೆ. ಕಲಿಸದೆ, ಕೇಳದೆ ಬಂದು ಕೂತಿದೆ.

ನಮ್ಮದು ಯಲ್ಲಾಪುರ ಕಡೆಯ ಹವ್ಯಕರ ಮನೆ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕೊಟ್ಟಿಗೆ ತುಂಬ ದನ. ತೋಟದ ಕೆಲಸಕ್ಕೆ ಸಿದ್ದಿಗಳು ಬರುತ್ತಿದ್ದರು. ಅಜ್ಜ ಯಾವಾಗಲೋ ಕೊಟ್ಟ ಸಾಲಕ್ಕೆ ಅಪ್ಪ ದುಡಿದು, ಆಮೇಲೆ ಮಗ ದುಡಿದು, ಆದರೂ ಮುಗಿಯದ ಲೆಕ್ಕಗಳಿದ್ದವು. ಆ ಲೆಕ್ಕದ ಪಟ್ಟಿ ಬಹಳ ವರ್ಷ ನಮ್ಮ ಮನೆಯ ಮೆತ್ತಿನಲ್ಲಿತ್ತು.

ಬೆಳಿಗ್ಗೆ ಹತ್ತು ಗಂಟೆಗೆ ಚಾ. ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಅಮ್ಮಮ್ಮ ನಿಲ್ಲುತ್ತಿದ್ದಳು. ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ತೆಂಗಿನ ಗರಟೆಗಳನ್ನು ಅವರವರೇ ತೆಗೆದುಕೊಂಡು ಕೆಳಗೆ ಕೂರಬೇಕು. ಅಮ್ಮಮ್ಮ ಒಂದು ಮೊಳ ಮೇಲಿಂದ ಹೊಯ್ಯುತ್ತಿದ್ದಳು. ಒಂದು ಹನಿ ಹೊರಗೆ ಚೆಲ್ಲುತ್ತಿರಲಿಲ್ಲ. ಕುಡಿದಾದ ಮೇಲೆ ಅವರೇ ತೊಳೆದು ಮತ್ತೆ ಸಂದಿಗೆ ಸಿಕ್ಕಿಸಬೇಕು. ಸಣ್ಣವಳಿದ್ದಾಗ ಆ ಕೆಂಪು ಧಾರೆ ನೋಡಲು ನನಗೆ ಚಂದ ಕಾಣುತ್ತಿತ್ತು. ಬಾಗಿಲಿಗೆ ಒರಗಿ ದಿನಾ ನೋಡುತ್ತಿದ್ದೆ. ಪಾಠ ಅಲ್ಲೇ ಆಗಿರಬೇಕು.

ಉಣ್ಣಲು ಹಟ ಮಾಡಿದರೆ ಅಮ್ಮಮ್ಮ ಹೇಳುತ್ತಿದ್ದದ್ದು ಒಂದೇ ಮಾತು: “ಉಣ್ಣದಿದ್ರೆ ಸಿದ್ದಿ ಬಂದು ಎತ್ಕಂಡು ಹೋಗ್ತಾ ನೋಡು.” ಆ ಸಿದ್ದಿ ಯಾರು? ನಮ್ಮ ತೋಟದಲ್ಲಿ ಸೊಪ್ಪು ಹೊರುತ್ತಿದ್ದವರೇ. ನನಗೆ ಪೇರಲೆ ಹಣ್ಣು ಕಿತ್ತು ಕೊಡುತ್ತಿದ್ದವರೇ. ಹಗಲು ಅವರ ಕೈಯಿಂದ ಪೇರಲೆ ತಿಂದು ರಾತ್ರಿ ಅವರಿಗೇ ಹೆದರಿ ಮಲಗುತ್ತಿದ್ದೆ.

ಅಮ್ಮಮ್ಮ ಕೆಟ್ಟವಳಲ್ಲ ಅಂತ ಬರೆಯಲು ಕೈ ಹಾತೊರೆಯುತ್ತದೆ. ಸಿದ್ದಿ ಹೆಂಗಸರ ಬಾಣಂತನಕ್ಕೆ ಅವಳು ಔಷಧಿ ಕಳಿಸುತ್ತಿದ್ದಳು, ಹಳೆ ಸೀರೆ ಕೊಡುತ್ತಿದ್ದಳು. ನಿಜ. ಆದರೆ ಔಷಧಿಯನ್ನೂ ಮೇಲಿಂದಲೇ ಹಾಕುತ್ತಿದ್ದಳು. ಅದೂ ನಿಜ. ಈ ಎರಡನ್ನೂ ಒಟ್ಟಿಗೆ ಹೇಳುವುದನ್ನು ನಾನು ಕಲಿತದ್ದು ಆ ವಾಸ್ಕೋದ ಕೋಣೆಯಲ್ಲಿ. ಅದಕ್ಕೆ ಮೊದಲು ನಾನು ಮೊದಲನೆಯದನ್ನು ಮಾತ್ರ ಹೇಳುತ್ತಿದ್ದೆ.

ಅಡಿಕೆ ಸುಲಿಯುವ ರಾತ್ರಿಗಳ ಬಗ್ಗೆಯೂ ಹೇಳಬೇಕು. ಅಂಗಳದಲ್ಲಿ ಗ್ಯಾಸ್‌ಲೈಟ್ ಬೆಳಕು. ಸಾಲಾಗಿ ಮೆಟ್ಟುಗತ್ತಿ. ಸಿದ್ದಿ ಹೆಂಗಸರು ಅವರ ಕೊಂಕಣಿಯಲ್ಲಿ ಹಾಡುತ್ತಿದ್ದರು. ಒಬ್ಬಳು ಎತ್ತಿಕೊಂಡರೆ ಉಳಿದವರು ಹಿಂದಿನಿಂದ ಹಿಡಿಯುತ್ತಿದ್ದರು. ಅಮ್ಮಮ್ಮ ಒಳಗೆ ಹಾಸಿಗೆ ಮೇಲೆ ಕೂತು ಕೇಳುತ್ತಿದ್ದಳು. ನಿಲ್ಲಿಸಿದರೆ “ಮತ್ತೊಂದು ಹೇಳಿ” ಅಂತ ಒಳಗಿಂದಲೇ ಕೂಗುತ್ತಿದ್ದಳು. ಹಾಡು ನಡುಮನೆ ದಾಟಿ ದೇವರ ಕೋಣೆಯವರೆಗೂ ಬರುತ್ತಿತ್ತು. ಹಾಡಿದವಳು ಅಂಗಳದಲ್ಲಿ.

ಹಾಗಾಗಿ ಸಂಗೀತ ಮನಸ್ಸನ್ನು ತೊಳೆಯುತ್ತದೆ ಅಂತ ಯಾರಾದರೂ ಸುಮ್ನೆ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಮನೆ ಮೂರು ತಲೆಮಾರು ಆ ಹಾಡು ಕೇಳಿದೆ. ಏನೂ ಆಗಲಿಲ್ಲ.

ನಾಟಕವೂ ಹಾಗೆಯೇ. ಅದಕ್ಕೂ ತನ್ನ ಪಾಪ ಇದೆ. ನಮ್ಮ ಶಾಲೆಯ ಗ್ಯಾದರಿಂಗಿನಲ್ಲಿ ಒಂದು ಕಾಡುಜನರ ಕುಣಿತ ಇರಲೇಬೇಕು. ಮುಖಕ್ಕೆ, ಮೈಗೆ ಬಾಣಲೆ ಮಸಿ. ಸೊಂಟಕ್ಕೆ ಮಾವಿನ ಸೊಪ್ಪು. ಕೈಯಲ್ಲಿ ಕೋಲು, ಬಾಯಲ್ಲಿ ಹೂಹಾ ಹೂಹಾ. ಐದನೇ ಕ್ಲಾಸಿನಲ್ಲಿ ನಾನೂ ಮಸಿ ಬಳಿದುಕೊಂಡು ಕುಣಿದಿದ್ದೇನೆ. ಚಪ್ಪಾಳೆ ಜೋರಾಗಿ ಬಿತ್ತು. ಮುಂದಿನ ಸಾಲಿನಲ್ಲಿ ನನ್ನ ಕ್ಲಾಸಿನ ಮೂವರು ಸಿದ್ದಿ ಮಕ್ಕಳು ಕೂತಿದ್ದರು. ಅವರು ಚಪ್ಪಾಳೆ ಹೊಡೆದರೋ ಇಲ್ಲವೋ, ನಾನು ನೋಡಲೇ ಇಲ್ಲ.

ಇದನ್ನು ಕೋಣೆಯಲ್ಲಿ ಹೇಳಿದಾಗ ಹಳಿಯಾಳದ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. “ನಮ್ಮ ಶಾಲಿಯಾಗೂ ಮಾಡ್ತಿದ್ರು ರೀ. ನಿನಗ ಮಸಿ ಬ್ಯಾಡ, ನೀ ಹಂಗ ನಿಂದ್ರು ಅಂತಿದ್ರು.”

ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಅದೇ 1980ರ ದಶಕದಲ್ಲಿ, ನಮ್ಮ ತಾಲೂಕಿನಲ್ಲೇ, ಬೇರೆ ಥರದ ನಾಟಕವೂ ನಡೆದಿತ್ತು. ಹೆಗ್ಗೋಡಿನ ನೀನಾಸಂನ ಚಿದಂಬರರಾವ್ ಜಂಬೆ ಅವರು ಸಿದ್ದಿಗಳನ್ನೇ ನಟರಾಗಿ ಕಟ್ಟಿಕೊಂಡು ನಾಟಕ ಆಡಿಸಿದರು. ಅಲ್ಲಿ ಯಾರೂ ಅವರ ವೇಷ ಹಾಕಲಿಲ್ಲ, ಅವರೇ ನಿಂತರು, ಅವರೇ ಮಾತಾಡಿದರು. ಮುಂದೆ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ನೀನಾಸಂನಲ್ಲಿ ಕಲಿತು ರಂಗಕ್ಕೂ ಸಿನಿಮಾಕ್ಕೂ ಬಂದರು. ನಮ್ಮ ಮನೆಯಿಂದ ಯಾರೂ ಆ ನಾಟಕ ನೋಡಲು ಹೋಗಿರಲಿಲ್ಲ. ಯಕ್ಷಗಾನಕ್ಕೆ ರಾತ್ರಿ ಹನ್ನೆರಡು ಮೈಲಿ ನಡೆಯುತ್ತಿದ್ದ ಮನೆ ಅದು.

ಮದುವೆಯಾಗಿ ಗೋವಾಕ್ಕೆ ಬಂದು 19 ವರ್ಷ. ಇಲ್ಲಿಗೆ ಬಂದ ಮೇಲೆ ನನಗೂ ಒಂದು ಹೆಸರು ಸಿಕ್ಕಿತು: ಘಾಂಟಿ. ಘಟ್ಟದ ಮೇಲಿನವರು ಅಂತ ಅರ್ಥ, ಆದರೆ ಹೇಳುವ ಧಾಟಿಯಲ್ಲಿ ಬೇರೆ ಅರ್ಥ. ಮಡಗಾಂವ್ ಬಸ್ಸಿನಲ್ಲಿ ಮಗನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ. ಹಿಂದಿನ ಸೀಟಿನಿಂದ ಆ ಮಾತು ಬಂತು. ಮಗ “ಹಾಗಂದ್ರೆ ಏನು ಆಯಿ?” ಅಂತ ಕೇಳಿದ. ಆ ದಿನ ಊಟ ಸೇರಲಿಲ್ಲ. ಆದರೆ ಆ ನೋವು ನನ್ನನ್ನು ಒಳ್ಳೆಯವಳನ್ನಾಗಿ ಮಾಡಲಿಲ್ಲ. 2013ರಲ್ಲಿ ಪರ್ರಾದಲ್ಲಿ ಒಬ್ಬ ನೈಜೀರಿಯಾದವನ ಕೊಲೆಯಾಯಿತು, ಅವನ ಕಡೆಯವರು ಹೆದ್ದಾರಿ ತಡೆದರು. ಆಗ ಟಿವಿ ಮುಂದೆ ಕೂತು “ಅವ್ರೆಲ್ಲ ಹಾಗೇ ಬಿಡಿ” ಅಂದವಳು ನಾನೇ. ಘಾಂಟಿ ಅನ್ನಿಸಿಕೊಂಡ ಬಾಯಿಂದಲೇ ಆ ಮಾತು ಬಂತು.

ಆ ಸಿದ್ದಿ ಹುಡುಗಿಗೆ ಇಲ್ಲಿ ಬಾಡಿಗೆಗೆ ಕೋಣೆ ಸಿಗಲು ನಾಲ್ಕು ತಿಂಗಳು ಬೇಕಾಯಿತಂತೆ. ಫೋನಿನಲ್ಲಿ ಬನ್ನಿ ಅಂದವರು ಮುಖ ನೋಡಿ ಇಲ್ಲ ಅಂದರಂತೆ. ಪಾಸ್‌ಪೋರ್ಟ್ ಕೇಳಿದವರೂ ಇದ್ದಾರೆ. “ಹಳಿಯಾಳಕ್ಕ ಪಾಸ್‌ಪೋರ್ಟ್ ಯಾಕ್ರಿ?” ಅಂತ ಕೇಳಿದಳಂತೆ.

ಓಲ್ಡ್ ಗೋವಾಕ್ಕೆ ನಾವೆಲ್ಲ ಎಷ್ಟು ಸಲ ಹೋಗಿದ್ದೇವೆ. ಊರಿಂದ ನೆಂಟರು ಬಂದರೆ ಇಗರ್ಜಿ ತೋರಿಸಿ, ವೈಸ್‌ರಾಯ್ ಕಮಾನಿನ ಕೆಳಗೆ ಫೋಟೋ ತೆಗೆದು, ಮಾಂಡೋವಿ ದಂಡೆಯಲ್ಲಿ ನಿಂತು ಬರುವುದು. ಆ ಕಮಾನಿನಿಂದ ಊರೊಳಗೆ ಹೋಗುತ್ತಿದ್ದ ದೊಡ್ಡ ಬೀದಿಗೆ ಪೋರ್ಚುಗೀಸರು ಇಟ್ಟ ಹೆಸರು ರುವಾ ದಿರೈತಾ, ನೇರ ಬೀದಿ ಅಂತ. 1583ರಲ್ಲಿ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಬಂದ ಡಚ್ಚರ ಲಿನ್‌ಸ್ಖೋಟೆನ್ ಆ ಬೀದಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಬೆಳಿಗ್ಗೆ ಹರಾಜು. ಅರಬ್ಬಿ ಕುದುರೆ, ಬಟ್ಟೆ, ಮಸಾಲೆ, ಅವುಗಳ ಜೊತೆಗೆ ಗಂಡಸರು, ಹೆಂಗಸರು, ಮಕ್ಕಳು. ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ತಂದವರೂ ಅವರಲ್ಲಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ, ಪೋರ್ಚುಗೀಸರ ಕೈಗೆ ಸಿಗದ ಕಾಡು ಸೇರಿದರು. ಆ ಕಾಡು ಅಂದರೆ ನಮ್ಮ ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡ.

ಈ ಸಲ ಆ ಹುಡುಗಿಯ ಜೊತೆ ಹೋಗಿದ್ದೆ. ಇಲ್ಲಿ ಮನುಷ್ಯರನ್ನು ಮಾರುತ್ತಿದ್ದರು ಅನ್ನುವ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಅವಳು ಕಮಾನಿನ ಕೆಂಪು ಕಲ್ಲಿಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ನಾನು ಫೋಟೋ ತೆಗೆಯಲಿಲ್ಲ. ನನಗೆ ಹೊಳೆದದ್ದು ಬೇರೆ. ತಪ್ಪಿಸಿಕೊಂಡು ಘಟ್ಟ ಹತ್ತಿದವರು ಕೊನೆಗೆ ಬಂದು ಮುಟ್ಟಿದ್ದು ನನ್ನ ಅಜ್ಜನ ಲೆಕ್ಕದ ಪಟ್ಟಿಗೆ.

ಮೇಷ್ಟ್ರು ಮಾಡಿಸುತ್ತಿದ್ದ ನಾಟಕದ ರೀತಿ ಬ್ರೆಜಿಲಿನ ಅಗಸ್ಟೋ ಬೋಆಲ್ ಅವರದ್ದು. ಬ್ರೆಜಿಲ್ ಕೂಡ ಪೋರ್ಚುಗೀಸರು ಆಳಿದ ದೇಶ. ಆಫ್ರಿಕಾದಿಂದ ಜನರನ್ನು ಹೊತ್ತ ಹಡಗುಗಳು ಆ ಕಡೆಗೂ ಹೋದವು. ಅಲ್ಲಿ ಗುಲಾಮಗಿರಿ ನಿಂತದ್ದು 1888ರಲ್ಲಿ. ಬೋಆಲ್‌ರ ನಾಟಕದಲ್ಲಿ ನೋಡುವವರು ಸುಮ್ಮನೆ ಕೂರುವ ಹಾಗಿಲ್ಲ. ಅನ್ಯಾಯ ನಡೆಯುವ ಒಂದು ದೃಶ್ಯವನ್ನು ಆಡುತ್ತಾರೆ. ಮತ್ತೆ ಮೊದಲಿಂದ ಆಡುತ್ತಾರೆ. ಈ ಸಲ ಯಾರು ಬೇಕಾದರೂ “ನಿಲ್ಸಿ” ಅನ್ನಬಹುದು, ಎದ್ದು ಬಂದು ಪಾತ್ರ ತೆಗೆದುಕೊಂಡು ಬೇರೆ ರೀತಿ ಮಾಡಿ ತೋರಿಸಬಹುದು. ಹೀಗಾಗಬೇಕಿತ್ತು ಅಂತ ಬಾಯಲ್ಲಿ ಹೇಳಿದರೆ ಸಾಲದು. ಎದ್ದು ಬಂದು ಮಾಡಬೇಕು.

1971ರಲ್ಲಿ ಬ್ರೆಜಿಲಿನ ಸೇನಾ ಸರ್ಕಾರ ಬೋಆಲ್ ಅವರನ್ನು ಹಿಡಿದು ಹಿಂಸಿಸಿತು. ಅವರು ದೇಶ ಬಿಟ್ಟರು, ಕೊನೆಗೆ ಪ್ಯಾರಿಸ್ ಸೇರಿದರು. ಅಲ್ಲಿನ ಜನ ಬೀದಿಯ ಪೊಲೀಸರ ಬಗ್ಗೆ ಮಾತಾಡುತ್ತಿರಲಿಲ್ಲ, ಒಳಗಿನ ಭಯದ ಬಗ್ಗೆ ಮಾತಾಡುತ್ತಿದ್ದರು. ಆಗ ಅವರು ಕಟ್ಟಿದ ಒಂದು ಕ್ರಮಕ್ಕೆ ತಲೆಯೊಳಗಿನ ಪೊಲೀಸ್ ಅಂತ ಹೆಸರಿಟ್ಟರು. ಪೊಲೀಸ್ ತಲೆಯೊಳಗಿದ್ದರೂ ಅವನ ಠಾಣೆ ಹೊರಗೆಲ್ಲೋ ಇರುತ್ತದೆ, ಅದನ್ನು ಹುಡುಕಬೇಕು. ಮೇಷ್ಟ್ರು ಇದನ್ನು ವಿವರಿಸಿದಾಗ ನಾನು ಬರೆದುಕೊಳ್ಳಲಿಲ್ಲ. ನನ್ನ ಠಾಣೆ ಯಾವುದು ಅಂತ ಗೊತ್ತಿತ್ತು. ಹಿತ್ತಲ ಬಾಗಿಲ ಮೆಟ್ಟಿಲು.

ಚಾ ದೃಶ್ಯವನ್ನು ಮತ್ತೆ ಆಡಿದೆವು. ನಾನು ಹೊಯ್ಯುವವಳು. ಸಿದ್ದಿ ಹುಡುಗಿಗೆ ಸಿದ್ದಿ ಪಾತ್ರ ಕೊಡುವುದು ಬೇಡ ಅಂತ ಮೊದಲೇ ಮಾತಾಗಿತ್ತು. ಅವಳು ನೋಡುವವಳು, ತಡೆಯುವವಳು. ಈ ಒಂದು ನಿಯಮ ಇಲ್ಲದಿದ್ದರೆ ಇಡೀ ಕೆಲಸ ಮತ್ತೊಂದು ಗ್ಯಾದರಿಂಗ್ ಆಗುತ್ತಿತ್ತು.

ಬಾಗಲಕೋಟೆಯ ಅಣ್ಣ “ನಿಲ್ಸ್ರಿ” ಅಂತ ಎದ್ದು ಬಂದರು. ನನ್ನ ಜಾಗದಲ್ಲಿ ನಿಂತು, ನರ್ಸ್ ಅಕ್ಕನನ್ನು ಎಬ್ಬಿಸಿ, ಕುರ್ಚಿ ಮೇಲೆ ಕೂರಿಸಿ, ಸ್ಟೀಲ್ ಲೋಟದಲ್ಲಿ ಕೊಟ್ಟರು. “ತಗೋರೆವ್ವಾ, ಬಿಸಿ ಐತಿ.” ನಮಗೆಲ್ಲ ಖುಷಿಯಾಯಿತು. ಚಪ್ಪಾಳೆಯೂ ಬಿತ್ತು.

“ನಿಲ್ಸ್ರಿ” ಅಂದಳು ಹುಡುಗಿ. “ಲೋಟ ಕೊಟ್ರಿ, ಛಲೋ ಆತು. ಕುಡದ ಮ್ಯಾಲ ಅದನ್ನ ಯಾರು ತೊಳೀತಾರ?”

ನಾವು ಯಾರೂ ಅಲ್ಲಿವರೆಗೆ ಯೋಚಿಸಿರಲೇ ಇಲ್ಲ. ನಮ್ಮ ಲೆಕ್ಕದಲ್ಲಿ ದೃಶ್ಯ ಮುಗಿದಿತ್ತು. ಅವಳ ಲೆಕ್ಕದಲ್ಲಿ ಅರ್ಧ ಬಾಕಿ ಇತ್ತು.

ಅಣ್ಣ ಲೋಟ ಹಿಡಿದುಕೊಂಡೇ ನಿಂತರು. ಆಮೇಲೆ ನೆಲದ ಮೇಲೆ ಕೂತರು. ಅವರು ದಲಿತರು. ಅವರ ಊರಿನ ಚಾದಂಗಡಿಯಲ್ಲಿ ಅವರ ಕೇರಿಯವರಿಗೆ ಬೇರೆ ಕಪ್-ಬಸಿ ಇಡುತ್ತಿದ್ದರಂತೆ, ಸೂರಿನ ಕೆಳಗೆ. ಕುಡಿದು, ತೊಳೆದು, ಅಲ್ಲೇ ಇಟ್ಟು ಹೋಗಬೇಕು. “ನಾನೂ ತೊಳದೀನಿ. ಸಣ್ಣಾವಿದ್ದಾಗ ದಿನಾ ತೊಳದೀನಿ. ಈಗ ನನಗ ಯಾಕ ನೆನಪಾಗ್ಲಿಲ್ಲ?” ಸ್ವಲ್ಪ ಹೊತ್ತು ಬಿಟ್ಟು ಹುಡುಗಿಯ ಕಡೆ ತಿರುಗಿ ಹೇಳಿದರು, “ಮೊದಲ ದಿನ ನಿನ್ನ ನೋಡಿ ಹೊರದೇಶದಾಕಿ ಅಂತ ಹಿಂದಿಯೊಳಗ ಮಾತಾಡ್ಸಿದೆ. ಅದೂ ತಪ್ಪಾತು ತಂಗಿ.”

ಜಾತಿಯ ಕಥೆ, ಬಣ್ಣದ ಕಥೆ ಎರಡೂ ಒಂದೇ ಅಲ್ಲ. ಅಣ್ಣ ಊರು ಬಿಟ್ಟು ಬಂದರೆ ಬಸ್ಸಿನಲ್ಲಿ ಅವರ ಜಾತಿ ಯಾರಿಗೂ ಕಾಣುವುದಿಲ್ಲ. ಹುಡುಗಿಯ ಮೈಬಣ್ಣ, ಕೂದಲು ಅವಳಿಗಿಂತ ಮೊದಲೇ ಬಸ್ಸು ಹತ್ತುತ್ತವೆ. ಆದರೆ ನಮ್ಮ ಮನೆಯ ಕಿಟ್ಲಿ ಎರಡನ್ನೂ ಬೆರೆಸಿಯೇ ಹೊಯ್ಯುತ್ತಿತ್ತು.

ಆಮೇಲಿನ ಎರಡು ಭಾನುವಾರ ಅವಳು ಬರಲಿಲ್ಲ. ನಮಗೆ ಗೊತ್ತಾಗಲು ತಡವಾಯಿತು. ನಾವು ನಮ್ಮ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅವಳ ಎದುರು ಕಕ್ಕುತ್ತಿದ್ದೆವು. ನಮಗೆ ಹಗುರ, ಅವಳಿಗೆ ಭಾರ. ನಮ್ಮ ಕಾಯಿಲೆ ವಾಸಿ ಮಾಡುವುದು ಅವಳ ಕೆಲಸವಾ? ಇಂಥ ಕೆಲಸಕ್ಕೆ ಕೈ ಹಾಕುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಇದೇ. ಕೇಳಿಸಿಕೊಳ್ಳುವವರಿಗೆ ಸುಸ್ತಾಗುತ್ತದೆ, ನೋಡಿಕೊಳ್ಳಿ.

ಮೂರನೇ ವಾರ ಬಂದಳು. ಜೊತೆಗೆ ಅವಳ ಕಾಕಾ, ಅವರ ಹೆಗಲಿಗೆ ಡಮಾಮಿ. “ಬರೇ ಚಾದ್ದ ಆತಲ್ರಿ. ನಮ್ಮದು ಬ್ಯಾರೇನೂ ಐತಿ” ಅಂದಳು.

ಡಮಾಮಿ ಸಿದ್ದಿಗಳ ಚರ್ಮವಾದ್ಯ. ಅದಕ್ಕೆ ಕುಣಿಯುವ ಕುಣಿತಕ್ಕೂ ಅದೇ ಹೆಸರು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ, ಡಮಾಮಿ ಎಲ್ಲರದ್ದು. ಕಾಕಾ ಜಾಸ್ತಿ ಮಾತಾಡಲಿಲ್ಲ. ನಮ್ಮನ್ನು ಗುಂಡಗೆ ನಿಲ್ಲಿಸಿದರು. ಬಾರಿಸಿದರು. ಒಂದು ಸಾಲು ಹಾಡಿದರು, ನಾವು ತಿರುಗಿ ಹೇಳಬೇಕು.

ನಾನು ಸಣ್ಣವಳಿದ್ದಾಗ ಐದಾರು ವರ್ಷ ಸಂಗೀತ ಕಲಿತವಳು. ತಾಳ ಗೊತ್ತು ಅನ್ನುವ ಧೈರ್ಯ ಇತ್ತು. ಕೈಯಲ್ಲಿ ಲೆಕ್ಕ ಹಾಕಲು ಶುರು ಮಾಡಿದೆ, ತಪ್ಪಿದೆ. ಮತ್ತೆ ಹಾಕಿದೆ, ಮತ್ತೆ ತಪ್ಪಿದೆ. ಕಾಕಾ ಬಾರಿಸುವುದನ್ನು ನಿಲ್ಲಿಸಿ ನನ್ನ ಹತ್ತಿರ ಬಂದು, ನನ್ನ ಕೈಬೆರಳುಗಳನ್ನು ಮಡಚಿಟ್ಟರು. “ಎಣಿಸಬ್ಯಾಡ್ರಿ ಅಕ್ಕಾರ. ಕಾಲಾಗ ಕೇಳ್ರಿ.”

ಅರ್ಧ ಗಂಟೆ ತಪ್ಪು ಹೆಜ್ಜೆ ಹಾಕಿದೆ. ಅವರು ಬೇಜಾರಿಲ್ಲದೆ ತಿದ್ದಿದರು. ಆಗ ನನಗೆ ಅಡಿಕೆ ಸುಲಿಯುವ ರಾತ್ರಿ ನೆನಪಾಯಿತು, ಅಮ್ಮಮ್ಮ ಒಳಗೆ ಕೂತು ಏನು ತಪ್ಪಿಸಿಕೊಂಡಿದ್ದಳು ಅನ್ನುವುದೂ ಗೊತ್ತಾಯಿತು. ಅವಳು ಕೇಳುತ್ತಿದ್ದಳು ಅಷ್ಟೇ. ಹಿಂದಿನಿಂದ ಹಿಡಿಯಲಿಲ್ಲ. ಹಿಡಿದಿದ್ದರೆ ತಪ್ಪುತ್ತಿದ್ದಳು. ತಪ್ಪಿದ್ದರೆ ಅಂಗಳದಲ್ಲಿ ಕೂತವಳು ತಿದ್ದಬೇಕಿತ್ತು. ನಮ್ಮ ಮನೆಯಲ್ಲಿ ಸಿದ್ದಿಯೊಬ್ಬಳು ನಮ್ಮನ್ನು ತಿದ್ದಿದ್ದು ನನಗೆ ನೆನಪೇ ಇಲ್ಲ.

ಸದ್ದು ಕೇಳಿ ಪಕ್ಕದ ಮನೆಯ ಗೋವಾದ ಅಜ್ಜ ಬಾಗಿಲಿಗೆ ಬಂದು ನಿಂತರು. ಬಯ್ಯಲು ಬಂದರೋ ಅಂದುಕೊಂಡೆವು. ಅವರು ಹೋಗಿ ಮನೆಯಿಂದ ತಮ್ಮ ಘುಮಟ್ ತಂದರು. ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ. 2019ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪರಂಪರೆಯ ವಾದ್ಯ ಅಂತ ಸಾರಿತು. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು, ಈಗ ಉಡ ಕೊಲ್ಲುವ ಹಾಗಿಲ್ಲ, ಮೇಕೆ ಚರ್ಮ. “ಇದು ನಮ್ಮ ಕಡಿ ಗುಮಟೆ” ಅಂದರು ಕಾಕಾ. “ನಹೀಂ, ಹೆಂ ಆಮ್ಚೆಂ”, ಅಲ್ಲ, ಇದು ನಮ್ಮದು ಅಂದರು ಅಜ್ಜ. ಇಬ್ಬರೂ ಪಟ್ಟು ಬಿಡಲಿಲ್ಲ. ಆಮೇಲೆ ಇಬ್ಬರೂ ಬಾರಿಸಿದರು. ಆ ಅಜ್ಜ ಈಗಲೂ ನಮ್ಮನ್ನು ಘಾಂಟಿ ಅನ್ನುತ್ತಾರೆ. ಆದರೆ ಭಾನುವಾರ ತಪ್ಪಿಸುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಆಯಿಗೆ ಹೇಳಿದೆ. ಅವಳಿಗೆ ಸಿಟ್ಟು ಬಂತು. “ಸತ್ತೋದವ್ರ ಮೇಲೆ ಎಂತಕ್ಕೆ ಹೇಳ್ತೆ? ಈಗ ಅವ್ರಲ್ಲೇ ಒಬ್ರು ಎಂಎಲ್‌ಸಿ ಆಯ್ದ.” ನಿಜ. 2020ರಲ್ಲಿ ನಮ್ಮ ತಾಲೂಕಿನವರೇ ಆದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು, ಅವರ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು. ಆ ದಿನ ನನಗೂ ಹೆಮ್ಮೆಯಾಗಿತ್ತು. “ಆಯಿ, ಅವ್ರು ನಮ್ಮನಿಗೆ ಬಂದ್ರೆ ಎಲ್ಲಿ ಕೂರಸ್ತೆ?” ಅಂತ ಕೇಳಿದೆ. ಜಗಲಿ ಮೇಲೆ, ಕುರ್ಚಿಯಲ್ಲಿ ಅಂದಳು. “ತೋಟಕ್ಕೆ ಬಪ್ಪವ್ರಿಗೆ?” ಆಯಿ ಫೋನ್ ಇಟ್ಟಳು.

ಮೇ ತಿಂಗಳಲ್ಲಿ ಊರಿಗೆ ಹೋದೆ. ಗರಟೆಗಳು ಈಗ ಇಲ್ಲ. ಹಿತ್ತಲ ಕಿಟಕಿಯ ಮೇಲೆ ಎರಡು ಸ್ಟೀಲ್ ಲೋಟ ಬೋರಲು ಹಾಕಿಟ್ಟಿದ್ದಾರೆ. ಅಮ್ಮಮ್ಮನ ಕಾಲದಿಂದ ಬರುತ್ತಿದ್ದ ಸಿದ್ದಿ ಹೆಂಗಸು ಈಗಲೂ ಬರುತ್ತಾರೆ. ನನಗೆ ಪೇರಲೆ ಕೊಡುತ್ತಿದ್ದವರು. ಎಪ್ಪತ್ತು ದಾಟಿರಬೇಕು. ನಾನು ಚಾ ಮಾಡಿ, ಒಳಗಿನ ಲೋಟದಲ್ಲಿ ಹಾಕಿ, ಜಗಲಿಗೆ ಬನ್ನಿ ಅಂತ ಕರೆದೆ. “ಬೇಡ ತಂಗಿ, ನಂಗೆ ಇಲ್ಲೇ ಸರಿ” ಅಂದರು. ಎರಡನೇ ಸಲ ಕರೆಯಲಿಲ್ಲ. ನನ್ನ ನಾಟಕಕ್ಕೆ ಅವರನ್ನು ಪಾತ್ರ ಮಾಡಬಾರದು ಅನ್ನಿಸಿತು. ನನ್ನ ಲೋಟ ತೆಗೆದುಕೊಂಡು ಮೆಟ್ಟಿಲು ಇಳಿದು ಅವರ ಪಕ್ಕದಲ್ಲಿ ಕೂತೆ. ಮಳೆಯ ಮಾತಾಡಿದೆವು, ಕೊಳೆರೋಗದ ಮಾತಾಡಿದೆವು. ಆಯಿ ಕಿಟಕಿಯಿಂದ ನೋಡಿ ಒಳಗೆ ಹೋದಳು.

ಕುಡಿದು ಮುಗಿದ ಕೂಡಲೇ ಅವರು ಲೋಟ ಹಿಡಿದು ಎದ್ದರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. “ನಾ ತೊಳೀತೆ, ಕೊಡಿ” ಅಂದೆ. “ಎಂತಕೆ, ನಂಗೆ ಕೈ ಇಲ್ವಾ?” ಅಂದರು. ನನ್ನ ಕೈಯಲ್ಲಿದ್ದ ಲೋಟವನ್ನೂ ಕಿತ್ತುಕೊಂಡು ಬಾನಿಯ ಹತ್ತಿರ ಕೂತರು. ನಾನು ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋಗಿ ಹೊಯ್ದೆ. ಬಲಗೈ ಮೇಲೆ ಹೋಗಲು ನೋಡಿತು. ಕೂತುಕೊಂಡು, ಚೊಂಬಿನ ಕಂಠ ಅವರ ಬೆರಳಿಗೆ ತಾಗುವಷ್ಟು ಕೆಳಗೆ ಹಿಡಿದೆ.